ಲಾ ಹೂಗ್ ಬೀ: ಒಂದು ಸಮಾಧಿದಿಬ್ಬದ ವೃತ್ತಾಂತ

(ಇತಿಹಾಸಾಸಕ್ತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಪ್ರಾಚೀನ ಕಟ್ಟಡಗಳ ವಿಷಯವಾಗಿ ಮಾತನಾಡಲು ನಿಂತವನು, ಅವುಗಳನ್ನು ಯಾರು ಕಟ್ಟಿದರು, ಯಾವಾಗ ಕಟ್ಟಿದರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಿ ಕುಳಿತುಕೊಳ್ಳುವುದು ವಾಡಿಕೆ. ಕಟ್ಟಿದವರು ಕಾಲವಶರಾದ ತರುವಾಯ ಅದು ಯಾರ ಯಾರ ಕೈಗೆ ಬಿದ್ದಿತು, ಬಂದವರೆಲ್ಲ ಅದನ್ನು ಯಾವ ಯಾವ ಕೆಲಸಕ್ಕೆ ಉಪಯೋಗಿಸಿಕೊಂಡರು ಎಂಬುದನ್ನು ವಿಚಾರಿಸುವವರು ವಿರಳ. ಮೊದಲಿನದು ಶುದ್ಧವಾದದ್ದು, ಆಮೇಲಿನದೆಲ್ಲ ಕೊಳೆ ಎಂಬ ಒಂದು ಭಾವನೆ ವಿದ್ವಾಂಸರಲ್ಲಿಯೂ ಬೇರೂರಿದೆ. ಈ ಭಾವನೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಒಂದೇ ಒಂದು ದಿಬ್ಬದ ಚರಿತ್ರೆಯನ್ನು ಮುಂದಿಟ್ಟುಕೊಂಡು ವಿಚಾರ ಮಾಡಬೇಕೆಂದು ನನ್ನ ಇಚ್ಛೆ. ದಿಬ್ಬವಿರುವುದು ನಮ್ಮ ನಾಡಿನಲ್ಲಲ್ಲ, ಸಪ್ತಸಮುದ್ರಗಳಾಚೆಯ ಒಂದು ಸಣ್ಣ ನಡುಗಡ್ಡೆಯಲ್ಲಿ. ಆದರೆ ಅದು ಎತ್ತುವ ಪ್ರಶ್ನೆ ನಮಗೂ ತಪ್ಪಿದ್ದಲ್ಲ.

ಇಂಗ್ಲಂಡಿಗೂ ಫ್ರಾನ್ಸಿಗೂ ನಡುವಣ ಕಡಲಿನಲ್ಲಿ ಜರ್ಸಿ ಎಂಬ ದ್ವೀಪವುಂಟು. ಇಂಗ್ಲಂಡಿನಿಂದ ಅದು ಸುಮಾರು ೧೦೦ ಮೈಲು ದೂರ; ಫ್ರಾನ್ಸಿನ ನಾರ್ಮಂಡಿಯ ಕರಾವಳಿಯಿಂದಲಾದರೋ ಕೇವಲ ೧೪ ಮೈಲು. ಉದ್ದ ೯ ಮೈಲು, ಅಗಲ ೫ ಮೈಲು. ನಮ್ಮಲ್ಲಿಯ ಒಂದು ತಾಲ್ಲೂಕಿನಷ್ಟೂ ಇಲ್ಲ. ೧೨೦೪ರಲ್ಲಿ ಇಂಗ್ಲಂಡಿನ ದೊರೆ ಜಾನನು ನಾರ್ಮಂಡಿಯನ್ನು ಫ್ರೆಂಚರಿಗೆ ಸೋತಾಗ ಈ ದ್ವೀಪಗಳು ಮಾತ್ರ ಇಂಗ್ಲಂಡಿನ ಸಿಂಹಾಸನದ ಕಡೆಗೆ ಉಳಿದುಕೊಂಡವು. ಆದರೂ ಜರ್ಸಿಯು ಬ್ರಿಟಿಷ್ ಸಂಯುಕ್ತ ರಾಜ್ಯದ ಭಾಗವಲ್ಲ. ಅದಕ್ಕೆ ತನ್ನದೇ ಆದ ಶಾಸನಸಭೆಯುಂಟು, ತನ್ನದೇ ಆದ ಕಾಯಿದೆಗಳುಂಟು, ನಾರ್ಮನ್ ಮೂಲದ ತನ್ನದೇ ಆದ ಮಾತೂ ಉಂಟು. ಈ ದ್ವೀಪದ ಪೂರ್ವಭಾಗದಲ್ಲಿ, ಗ್ರೂವಿಲ್ ಎಂಬ ಹೋಬಳಿಯಲ್ಲಿ, ಹೊಲಗಳ ನಡುವೆ ಹಸಿರು ಹುಲ್ಲು ಹೊದ್ದ ಒಂದು ದುಂಡನೆಯ ದಿಬ್ಬವು ಎದ್ದು ನಿಂತಿದೆ. ಎತ್ತರ ೪೦ ಅಡಿ. ಬುಡದಲ್ಲಿ ಅಡ್ಡಳತೆ ಸುಮಾರು ೧೮೦ ಅಡಿ. ನೆತ್ತಿಯ ಮೇಲೆ ಕಲ್ಲಿನ ಪುಟ್ಟ ಕ್ರೈಸ್ತ ಮಂದಿರವಿದೆ. ಇದಕ್ಕೆ ಲಾ ಹೂಗ್ ಬೀ ಎಂದು ಹೆಸರು.

ದಿಬ್ಬವನ್ನು ಕಟ್ಟಿದ್ದು ಕ್ರಿಸ್ತಪೂರ್ವ ೪೦೦೦ದಿಂದ ೩೫೦೦ರ ನಡುವೆ. ಈಜಿಪ್ತದ ಮಹಾ ಪಿರಮಿಡ್ಡಿಗಿಂತ ಇದು ಸುಮಾರು ಸಾವಿರ ವರ್ಷಗಳಷ್ಟಾದರೂ ಹಿರಿದು ಎಂದರೆ ಅದರ ವಯಸ್ಸು ಮನಸ್ಸಿಗೆ ಬಂದೀತು. ಕಟ್ಟಿದವರಿಗೆ ಲೋಹ ತಿಳಿಯದು. ಅವರು ದನ ಸಾಕಿ, ಧಾನ್ಯ ಬೆಳೆದು, ಕಲ್ಲಿನ ಕೊಡಲಿಗಳಿಂದ ಬದುಕಿದ ಬೇಸಾಯಗಾರರು. ದ್ವೀಪದ ಬೇರೆ ಬೇರೆ ಎಡೆಗಳಿಂದ ಭಾರಿ ಬಂಡೆಗಳನ್ನು ಎಳೆದು ತಂದು, ಎರಡು ಸಾಲಾಗಿ ನಿಲ್ಲಿಸಿ, ಮೇಲೆ ಹಾಸುಗಲ್ಲು ಹೊದಿಸಿ ಒಂದು ಓಣಿಯನ್ನು ಮಾಡಿದರು. ಈ ಓಣಿಯ ಉದ್ದ ೬೦ ಅಡಿಗೂ ಮಿಕ್ಕಿದೆ. ಬಾಗಿಲು ಕುಳ್ಳಾಗಿರುವುದರಿಂದ ಎಂಥವನಾದರೂ ತಲೆ ಬಾಗಿಸಿಯೇ ಒಳಹೋಗಬೇಕು. ಒಳಗೆ ಹೋದಂತೆ ಎತ್ತರವೂ ಅಗಲವೂ ಹೆಚ್ಚುತ್ತ ಬಂದು, ಕೊನೆಗೊಂದು ದೊಡ್ಡ ಅಂಕಣ, ಅದರ ಮೂರು ಪಾರ್ಶ್ವಗಳಲ್ಲಿ ಮೂರು ಚಿಕ್ಕ ಗೂಡುಗಳು. ಇದೆಲ್ಲದರ ಮೇಲೆ ಮಣ್ಣು, ಕಲ್ಲುಚೂರುಗಳನ್ನು ಸುರಿದು ದಿಬ್ಬವನ್ನು ಎತ್ತಿದರು.

ಓಣಿಯ ಬಾಯಿ ಪೂರ್ವಕ್ಕೆ. ವರ್ಷದಲ್ಲಿ ಎರಡು ಸಲ, ಹಗಲು ಇರುಳು ಸಮವಾಗುವ ವಿಷುವ ದಿನಗಳಲ್ಲಿ, ಮೂಡುವ ಸೂರ್ಯನ ಕಿರಣವು ನೇರವಾಗಿ ಓಣಿಯನ್ನು ಹೊಕ್ಕು ಒಳಗಣ ಅಂಕಣವನ್ನು ದಾಟಿ ಹಿಂದಿನ ಗೂಡನ್ನು ಬೆಳಗುತ್ತದೆ. ಪಂಚಾಂಗವಿಲ್ಲದ ಜನರು ಇದನ್ನು ಗುರಿತಪ್ಪದೆ ಸಾಧಿಸಿದರು! ಬಿತ್ತುವ, ಕೊಯ್ಯುವ ಕಾಲದ ಗಣನೆಯೂ ಸತ್ತವರ ಸ್ಮರಣೆಯೂ ಅವರಿಗೆ ಬೇರೆ ಬೇರೆ ಸಂಗತಿಗಳಾಗಿದ್ದಂತೆ ಕಾಣುವುದಿಲ್ಲ.

ಇದನ್ನು ಸಮಾಧಿಯೆನ್ನುತ್ತೇವೆ. ಆದರೆ ಅಗೆದಾಗ ದೊರೆತ ಅಸ್ಥಿಗಳು ಎಷ್ಟು ಜನರವು? ಚೆದರಿ ಹೋದ ಎಲುಬುಗಳನ್ನು ಎಣಿಸಿ ಕನಿಷ್ಠ ೮ ಮಂದಿಯವೆಂದು ನಿರ್ಧರಿಸಿದ್ದಾರೆ. ತಲೆಮಾರುಗಟ್ಟಲೆ ಬಳಕೆಯಲ್ಲಿದ್ದ ಇಷ್ಟು ದೊಡ್ಡ ಕಟ್ಟಡದಲ್ಲಿ ಎಂಟೇ ಜನರ ಎಲುಬು! ಅವುಗಳ ಜೊತೆಗೆ ಸುಮಾರು ೨೦ ಮಣ್ಣಿನ ಪೀಠಗಳ ಚೂರುಗಳು ಸಿಕ್ಕಿದವು. ಪಾತ್ರೆಯಿಡುವ ಆಸರೆಗಳೆಂದು ಕೆಲವರು ಅವಕ್ಕೆ ಹೆಸರಿಟ್ಟರು, ಧೂಪವುರಿಸುವ ಪಾತ್ರೆಗಳಿರಬೇಕೆಂದು ಮತ್ತೆ ಕೆಲವರು ಊಹಿಸಿದರು. ಆದುದರಿಂದ ಇದನ್ನು ಬರಿಯ ಸುಡುಗಾಡೆಂದು ತಿಳಿಯದೆ, ಹಿರಿಯರ ಅಸ್ಥಿಗಳನ್ನು ಗರ್ಭದಲ್ಲಿಟ್ಟುಕೊಂಡ ಒಂದು ಗುಡಿಯೆಂದು ತಿಳಿಯುವುದೇ ಯುಕ್ತವೆಂದು ಈಗಿನ ವಿದ್ವಾಂಸರ ಅಭಿಪ್ರಾಯ. ನನಗೂ ಅದೇ ಸರಿಯೆಂದು ತೋರುತ್ತದೆ. ಹಾಗಾದರೆ ಕಟ್ಟಿದವರ ಕಾಲದಲ್ಲಿಯೇ ಈ ದಿಬ್ಬಕ್ಕೆ ಒಂದಲ್ಲ, ಹಲವು ಪ್ರಯೋಜನಗಳಿದ್ದವೆಂದಾಯಿತು. ಮುಂದೊಂದು ದಿನ ಆ ಕಾಲದವರೇ ಓಣಿಯ ಬಾಯನ್ನು ಕಲ್ಲುಮಣ್ಣಿನಿಂದ ಮುಚ್ಚಿಬಿಟ್ಟರು.

ಆಮೇಲೆ ಸಾವಿರಾರು ವರ್ಷಗಳ ಮೌನ. ಆ ನಡುವೆ ಯಾರೋ ಒಳಹೊಕ್ಕು ಇದ್ದುದನ್ನು ಕೆದರಿ ದೋಚಿ ಹೋಗಿದ್ದಾರೆ. ಉತ್ತರದ ನಾರ್ಸ್ ಜನ ಈ ಕಡಲಿಗೆ ನುಗ್ಗಿ ಬಂದು, ನೆಲೆಸಿ, ನಾರ್ಮನ್ನರೆನಿಸಿಕೊಂಡರಷ್ಟೆ? ಅವರ ಭಾಷೆಯಲ್ಲಿ ದಿಬ್ಬಕ್ಕೆ ಹೌಗರ್ ಎಂದು ಹೆಸರು. ಅದೇ ತೇಯುತ್ತ ತೇಯುತ್ತ ಹೂಗ್ ಆಯಿತು. ಕಟ್ಟಿದವರು ಅದನ್ನು ಏನೆಂದು ಕರೆಯುತ್ತಿದ್ದರೋ, ಆ ಮಾತು ಅವರೊಡನೆಯೇ ಮಣ್ಣಾಯಿತು.

ಕ್ರಿ. ಶ. ೧೨ನೆಯ ಶತಮಾನದಲ್ಲಿ ಕ್ರೈಸ್ತರು ದಿಬ್ಬದ ನೆತ್ತಿಯ ಮೇಲೆ ಮರಿಯಮ್ಮನವರ ಹೆಸರಿನಲ್ಲಿ ಒಂದು ಚಿಕ್ಕ ಪ್ರಾರ್ಥನಾಮಂದಿರವನ್ನು ಕಟ್ಟಿದರು. ತಮ್ಮ ಕಾಲಡಿಯಲ್ಲಿ ಅದಕ್ಕಿಂತ ಐದು ಸಾವಿರ ವರ್ಷ ಹಿರಿದಾದ ಇನ್ನೊಂದು ಗುಡಿಯಿದೆಯೆಂಬುದು ಅವರಿಗೆ ಗೊತ್ತಿದ್ದಿತೇ? ಇರಲಾರದು. ಆದರೂ ಜನರ ಕಾಲು ಪುನಃ ಅದೇ ಎತ್ತರವನ್ನು ಹತ್ತಿತು. ೧೬ನೆಯ ಶತಮಾನದ ಆರಂಭದಲ್ಲಿ ರಿಚರ್ಡ್ ಮಾಬೊನ್ ಎಂಬ ದ್ವೀಪದ ಹಿರಿಯ ಪಾದ್ರಿಯು ಯರೂಶಲೇಮಿನ ಯಾತ್ರೆ ಮುಗಿಸಿ ಬಂದು, ಹಳೆಯ ಮಂದಿರಕ್ಕೆ ಹೊಂದಿಕೊಂಡಂತೆ ಇನ್ನೊಂದನ್ನು ಕಟ್ಟಿಸಿ ಅದಕ್ಕೆ ಯರೂಶಲೇಮ್ ಮಂದಿರವೆಂದೇ ಹೆಸರಿಟ್ಟನು. ಅದರ ಕೆಳಗೆ, ಯೇಸುವಿನ ಸಮಾಧಿಯ ಮಾದರಿಯಲ್ಲಿ, ಒಂದು ನೆಲಮಾಳಿಗೆಯನ್ನು ಮಾಡಿಸಿದನು. ಇದರ ವಿಚಿತ್ರವನ್ನು ಅವಲೋಕಿಸಿರಿ: ಒಂದು ನಿಜವಾದ ಸಮಾಧಿಯ ಮೇಲೆ, ಅದು ಸಮಾಧಿಯೆಂದರಿಯದೆ, ದೂರದೇಶದ ಇನ್ನೊಂದು ಸಮಾಧಿಯ ಪ್ರತಿಕೃತಿಯನ್ನು ಕಟ್ಟಿದ್ದಾನೆ. ಗೋಡೆಯ ಮೇಲೆ ಅಂದು ಬರೆಯಿಸಿದ ದೇವದೂತರ ವರ್ಣಚಿತ್ರಗಳ ಕುರುಹು ಇಂದಿಗೂ ಉಂಟು. ಮಾಬೊನ್ನನು ಸುಳ್ಳು ಪವಾಡಗಳನ್ನು ತೋರಿಸಿ ಯಾತ್ರಿಕರಿಂದ ಕಾಣಿಕೆ ಎತ್ತುತ್ತಿದ್ದನೆಂದು ಅನಂತರದ ಮತಸುಧಾರಕರು ಆಪಾದಿಸಿದರು. ಆಪಾದಿಸಿದವರು ವಿರುದ್ಧ ಪಕ್ಷದವರಾದ ಕಾರಣ ಆ ಮಾತನ್ನು ಸ್ವಲ್ಪ ತೂಗಿ ನೋಡಬೇಕು. ಅಂತೂ ಸುಧಾರಣೆಯ ಬಿರುಗಾಳಿಯಲ್ಲಿ ಜರ್ಸಿ ಕಟ್ಟಾ ಪ್ರಾಟೆಸ್ಟಂಟ್ ಆಯಿತು, ಯಾತ್ರೆ ನಿಂತಿತು, ಮಂದಿರ ಪಾಳುಬಿದ್ದಿತು.

ಪಾಳುಬಿದ್ದ ಸ್ಥಳಕ್ಕೆ ಜನರು ಕಥೆಯನ್ನು ಕಟ್ಟಿದರು. ಜರ್ಸಿಯ ಜವುಗಿನಲ್ಲಿ ಒಂದು ಘೋರ ಸರ್ಪವಿತ್ತಂತೆ. ನಾರ್ಮಂಡಿಯ ಹಾಂಬೀ ಎಂಬಲ್ಲಿಯ ಪಾಳೆಯಗಾರನು ಕಡಲು ದಾಟಿ ಬಂದು ಅದನ್ನು ಕೊಂದನಂತೆ. ದಣಿದು ಮಲಗಿದ್ದಾಗ ಅವನ ಭಂಟನೇ ಅವನನ್ನು ಕೊಂದು, ಒಡತಿಯ ಬಳಿಗೆ ಹೋಗಿ, ಸರ್ಪವು ಒಡೆಯನನ್ನು ಕೊಂದಿತು, ನಾನು ಸರ್ಪವನ್ನು ಕೊಂದೆ, ನೀನು ನನ್ನನ್ನು ವರಿಸಬೇಕೆಂಬುದೇ ಅವನ ಕೊನೆಯ ಮಾತು ಎಂದನಂತೆ. ಅವಳು ನಂಬಿ ವರಿಸಿದಳು. ಒಂದು ರಾತ್ರಿ ಅವನು ನಿದ್ದೆಯಲ್ಲಿ ಕನವರಿಸಿ ನಿಜವನ್ನು ಬಾಯಿಬಿಟ್ಟ. ಗುಟ್ಟು ರಟ್ಟಾಗಿ ಶಿಕ್ಷೆಗೆ ಗುರಿಯಾದ. ಸತಿಯು ಗಂಡನ ಶವದ ಮೇಲೆ, ತನ್ನ ಕೋಟೆಯಿಂದ ಕಾಣುವಷ್ಟು ಎತ್ತರದ ದಿಬ್ಬವನ್ನು ಎತ್ತಿಸಿದಳು. ಅದೇ ಲಾ ಹೂಗ್ ಬೀ.

ಇದು ಚರಿತ್ರೆಯಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಈ ಕಥೆಯೊಳಗೆ ಅಡಗಿರುವ ಒಂದು ನಿಜವನ್ನು ಗಮನಿಸಬೇಕು. ದಿಬ್ಬವು ಸ್ವಾಭಾವಿಕವಾದದ್ದಲ್ಲ, ಮನುಷ್ಯರು ಎತ್ತಿದ್ದು, ಒಳಗೆ ಸತ್ತವರಿದ್ದಾರೆ ಎಂಬುದನ್ನು ಪಾಮರರ ಕಥೆ ಹೇಳುತ್ತಲೇ ಬಂದಿತು. ಪಂಡಿತರು ಅದನ್ನು ಕಣ್ಣಾರೆ ಕಂಡದ್ದು ೧೯೨೪ರಲ್ಲಿ.

ನಮ್ಮಲ್ಲಿಯೂ ಹೀಗೆಯೇ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಸುಮಾರು ೪೦೦ ಕಲ್ಮನೆಗಳು, ಕಲ್ಗೋರಿಗಳು ನಿಂತಿವೆ. ಸುತ್ತಲಿನ ಹಳ್ಳಿಗಳವರು ಅವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಮೋರ್ಯರೆಂಬ ಕುಳ್ಳ ಜನ ಅಲ್ಲಿ ವಾಸವಾಗಿದ್ದರೆನ್ನುತ್ತಾರೆ. ಇನ್ನು ಕೆಲವೆಡೆ ಇಂಥವು ಪಾಂಡವರ ಮನೆಗಳು. ಜರ್ಸಿಯಂಥ ಗೋರಿಗಳನ್ನೂ ನಮ್ಮವನ್ನೂ ಒಂದೇ ಉಸಿರಿನಲ್ಲಿ ಹೇಳಿದವರಲ್ಲಿ ಒಬ್ಬನು ಫಿಲಿಪ್ ಮೆಡೋಸ್ ಟೇಲರನು. ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಇವನು ಭೀಮಾತೀರದ ಜೇವರ್ಗಿಯ ಬಳಿ ಗೋರಿಗಳನ್ನು ಅಗೆಯಿಸಿ, ಚಿತ್ರ ಬರೆದು, ೧೮೬೦ರ ದಶಕದಲ್ಲಿ ಐರ್ಲಂಡಿನ ರಾಯಲ್ ಅಕಾಡೆಮಿಗೆ ಸಲ್ಲಿಸಿದ ಪ್ರಬಂಧದಲ್ಲಿ ಅವು ಯುರೋಪಿನ ಕಲ್ಗೋರಿಗಳ ಜ್ಞಾತಿಗಳೆಂದು ವಾದಿಸಿದನು. ಅಗೆದ ಕ್ರಮ ಶ್ಲಾಘ್ಯ; ತೀರ್ಮಾನ ನಿಲ್ಲಲಿಲ್ಲ. ೧೯೪೭ರಲ್ಲಿ ವೀಲರನು ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ ಪದರ ಪದರವಾಗಿ ಅಗೆದು ನೋಡಿದಾಗ ನಮ್ಮ ಗೋರಿಗಳು ಕಬ್ಬಿಣ ಬಲ್ಲ ಜನರವೆಂದು ಸ್ಥಿರಪಟ್ಟಿತು. ಕಲ್ಲಿನ ಕೊಡಲಿ ಹಿಡಿದ ಜರ್ಸಿಯವರಿಗೂ ಇವರಿಗೂ ನಡುವೆ ಎರಡು ಸಾವಿರ ವರ್ಷಗಳಿಗೂ ಮಿಕ್ಕ ಅಂತರವಿದೆ. ಕಲ್ಲು ನಿಲ್ಲಿಸಿ ಮೇಲೊಂದು ಕಲ್ಲು ಮುಚ್ಚುವುದನ್ನು ಮನುಷ್ಯನು ಯಾರಿಂದಲೂ ಎರವಲು ತರಬೇಕಾಗಿಲ್ಲ.

ಹಳೆಯ ನೆಲವನ್ನೇ ಹೊಸಬರು ಮತ್ತೆ ಆರಿಸಿಕೊಳ್ಳುವುದು ಮಾತ್ರ ಎರಡೂ ಕಡೆ ಕಾಣುತ್ತದೆ. ಐಹೊಳೆಯಲ್ಲಿ ೬೩೪ರ ರವಿಕೀರ್ತಿಯ ಶಾಸನವಿರುವ ಮೇಗುತಿಯ ಜಿನಾಲಯವು ಇರುವ ಗುಡ್ಡದ ಮೇಲೆಯೇ ಪ್ರಾಚೀನ ಕಲ್ಮನೆಗಳ ಸಾಲಿದೆ. ಬ್ರಹ್ಮಗಿರಿಯ ಗೋರಿಗಳ ಹತ್ತಿರವೇ ಅಶೋಕನ ಬಂಡೆಶಾಸನ. ಇರಲಿ, ಜರ್ಸಿಗೆ ಹಿಂತಿರುಗೋಣ.

೧೮ನೆಯ ಶತಮಾನದ ಉತ್ತರಾರ್ಧದಲ್ಲಿ ದಿಬ್ಬವು ದೋವೆರ್ನ್ಯ ಎಂಬ ಮನೆತನದವರ ಸ್ವತ್ತಾಯಿತು. ಅವರು ಹಾಳು ಮಂದಿರಗಳನ್ನು ಒಳಗೆ ನುಂಗಿಕೊಳ್ಳುವಂತೆ ಒಂದು ಎತ್ತರದ ಗೋಪುರವನ್ನು ಕಟ್ಟಿದರು. ಈ ಮನೆತನದ ಫಿಲಿಪನು ಇಂಗ್ಲಂಡಿನ ನೌಕಾಧಿಕಾರಿ. ಫ್ರಾನ್ಸಿನ ಗಡಿಯ ಬೂಯೋಂ ಸಂಸ್ಥಾನದ ಡ್ಯೂಕನು ಅವನನ್ನು ದತ್ತು ಮಾಡಿಕೊಂಡನಾದ್ದರಿಂದ ರಾಜಕುಮಾರನೆನಿಸಿಕೊಂಡನು. ಗೋಪುರಕ್ಕೂ ರಾಜಕುಮಾರನ ಗೋಪುರವೆಂದೇ ಹೆಸರಾಯಿತು. ಫ್ರಾನ್ಸಿನಲ್ಲಿ ರಾಜ್ಯಕ್ರಾಂತಿಯ ಕಿಡಿ ಹಾರುತ್ತಿದ್ದ ಕಾಲವದು. ಫಿಲಿಪನು ಜರ್ಸಿಯಲ್ಲಿ ಕುಳಿತು, ಪತ್ರವ್ಯವಹಾರವೆಂಬ ಸೌಮ್ಯವಾದ ಹೆಸರಿನಲ್ಲಿ, ಒಂದು ಗುಪ್ತಚಾರ ಜಾಲವನ್ನೇ ನಡೆಯಿಸಿದನು. ಅರಸನ ಪಕ್ಷದವರಿಗೆ ದೋಣಿಗಳಲ್ಲಿ ಆಯುಧ, ಹಣ, ಸುದ್ದಿಗಳು ಹೋಗುತ್ತಿದ್ದವು. ಹೊಸ ಸರಕಾರದ ನಾಣ್ಯಪದ್ಧತಿಯನ್ನು ಕೆಡಿಸಲು ಖೋಟಾ ನೋಟುಗಳೂ ಹೋಗುತ್ತಿದ್ದವು. ಗೋಪುರದ ತುದಿಯಿಂದ ನಾರ್ಮಂಡಿಯ ಕರಾವಳಿ ಕಣ್ಣಿಗೆ ಕಾಣುತ್ತದೆ. ಸತ್ತವರಿಗಾಗಿ ಎತ್ತಿದ ಎತ್ತರವು ಬದುಕಿದ್ದವರನ್ನು ನೋಡಲು ಉಪಯೋಗಕ್ಕೆ ಬಂತು. ಫಿಲಿಪನಾದರೋ, ಆಸೆಪಟ್ಟ ಸಂಸ್ಥಾನವೂ ಕೈಗೂಡದೆ, ಸಾಲದ ಹೊರೆ ಹೊತ್ತು, ೧೮೧೬ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಆಮೇಲೆ ಗೋಪುರವು ಪ್ರವಾಸಿಗರ ಪಾಲಾಯಿತು. ಪಕ್ಕದಲ್ಲಿ ಹೋಟೆಲು ಎದ್ದಿತು. ದುಡ್ಡು ಕೊಟ್ಟು ಮೇಲೆ ಹತ್ತಿ ಕಡಲು ನೋಡಿ ಇಳಿದು ಬರುವುದು ಒಂದು ವಿನೋದವಾಯಿತು.

ಇಷ್ಟೆಲ್ಲ ಕೈಮಾರ್ಪಾಟುಗಳು ದಿಬ್ಬಕ್ಕೆ ಕೇಡು ಮಾಡಿದವೆಂದು ಯಾರಾದರೂ ಮರುಗಬಹುದು. ಅಂಥವರ ಮುಂದೆ ಅದೇ ದ್ವೀಪದ ಇನ್ನೊಂದು ಸಂಗತಿಯನ್ನು ಇಡುತ್ತೇನೆ. ೧೭೮೫ರಲ್ಲಿ ಸೇಂಟ್ ಹೆಲಿಯರ್ ಪಟ್ಟಣದ ಮೇಲಣ ಗುಡ್ಡದಲ್ಲಿ ಸಿಪಾಯಿಗಳ ಕವಾಯತಿಗೆಂದು ನೆಲವನ್ನು ಸಮ ಮಾಡುತ್ತಿರುವಾಗ ಒಂದು ಪುರಾತನ ಕಲ್ಗೋರಿ ಬಯಲಿಗೆ ಬಂತು. ಅದರ ಮೇಲೆ ಗುಡಿಯಿರಲಿಲ್ಲ, ಗೋಪುರವಿರಲಿಲ್ಲ, ಅದನ್ನು ನಮ್ಮದೆನ್ನುವ ಭಕ್ತನೂ ಇರಲಿಲ್ಲ. ದ್ವೀಪದವರು ಅದನ್ನು ತಮ್ಮ ಗವರ್ನರನಾದ ಜನರಲ್ ಕಾನ್ವೇ ಎಂಬುವನಿಗೆ ಉಡುಗೊರೆಯಾಗಿ ಕೊಟ್ಟುಬಿಟ್ಟರು! ಅವನು ೧೭೮೮ರಲ್ಲಿ ಕಲ್ಲು ಕಲ್ಲನ್ನೂ ಹಡಗಿಗೆ ಹೇರಿಸಿಕೊಂಡು ಹೋಗಿ ಇಂಗ್ಲಂಡಿನಲ್ಲಿ, ಥೇಮ್ಸ್ ನದಿಯ ದಂಡೆಯ ತನ್ನ ಉದ್ಯಾನದಲ್ಲಿ, ಅಲಂಕಾರಕ್ಕಾಗಿ ನಿಲ್ಲಿಸಿಕೊಂಡನು. ಅದು ಇಂದಿಗೂ ಅಲ್ಲಿಯೇ ಇದೆ. ಯಾರ ಉಪಯೋಗಕ್ಕೂ ಬಾರದೆ ಶುದ್ಧವಾಗಿ ಉಳಿದದ್ದು ಪರಸ್ಥಳದ ಪಾಲಾಯಿತು. ಹತ್ತು ಜನರ ಕೈಯಲ್ಲಿ ಮೈಲಿಗೆಯಾದದ್ದು ತನ್ನ ನೆಲದಲ್ಲಿಯೇ ನಿಂತಿತು. ಲಾ ಹೂಗ್ ಬೀಯನ್ನು ಕಾಯ್ದದ್ದು ಅದರ ಮೇಲಿನ ಮಂದಿರವೇ ಎಂದು ನಾನು ಭಾವಿಸುತ್ತೇನೆ.

೧೮೭೩ರಲ್ಲಿ ಜರ್ಸಿಯ ವಿದ್ಯಾವಂತರು ತಮ್ಮ ದ್ವೀಪದ ಭಾಷೆ, ಚರಿತ್ರೆ, ಪ್ರಾಚೀನ ವಸ್ತುಗಳ ಅಭ್ಯಾಸಕ್ಕಾಗಿ ಸೊಸಿಯೆತೆ ಜರ್ಸಿಯೇಜ್ ಎಂಬ ಸಂಘವನ್ನು ಸ್ಥಾಪಿಸಿದ್ದರು. ಈ ಸಂಘವು ೧೯೧೯ರಲ್ಲಿ ದಿಬ್ಬವನ್ನು ಕೊಂಡುಕೊಂಡಿತು. ಸರಕಾರದ ದಾರಿ ಕಾಯದೆ, ಊರಿನವರೇ ಹಣ ಕೂಡಿಸಿ ತಮ್ಮ ಹಿರಿಯರ ನೆಲವನ್ನು ಕೊಂಡರೆಂಬುದು ನೆನಪಿಡತಕ್ಕ ಮಾತು. ೧೯೨೪ರಲ್ಲಿ ಶಿಥಿಲವಾಗಿದ್ದ ರಾಜಕುಮಾರನ ಗೋಪುರವನ್ನು ಕೆಡವಿಸಿ, ಒಳಗೆ ಸಿಕ್ಕಿಕೊಂಡಿದ್ದ ಎರಡು ಹಳೆಯ ಮಂದಿರಗಳನ್ನು ಬಿಡಿಸಿ ಜೀರ್ಣೋದ್ಧಾರ ಮಾಡಿದರು. ಅದೇ ವರ್ಷ ದಿಬ್ಬದ ಒಡಲನ್ನು ಅಗೆದು ಓಣಿಯನ್ನೂ ಅಂಕಣವನ್ನೂ ಕಂಡುಹಿಡಿದರು. ಆರು ಸಾವಿರ ವರ್ಷಗಳ ಹಿಂದಿನ ಹಾಸುಗಲ್ಲುಗಳು ಮೇಲಿನ ಭಾರವನ್ನೆಲ್ಲ ಹೊತ್ತು, ಬಹುಮಟ್ಟಿಗೆ ಇಟ್ಟಲ್ಲೇ ಇದ್ದವು.

ಸಂಘದವರು ಮಾಡಿದ್ದು ದೊಡ್ಡ ಕಾರ್ಯ. ಆದರೂ ಗೋಪುರದ ವಿಷಯದಲ್ಲಿ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಮಂದಿರವು ಉಳಿಯತಕ್ಕದ್ದು, ಗೋಪುರವು ಬೀಳತಕ್ಕದ್ದು ಎಂದು ನಿರ್ಣಯಿಸಿದ್ದು ಯಾವ ನ್ಯಾಯದಿಂದ? ಗೋರಿಯ ಎಣಿಕೆಯಲ್ಲಿ ಎರಡೂ ಪರಕೀಯವೇ. ೮೦೦ ವರ್ಷದ ಮಂದಿರ ಪೂಜ್ಯ, ೧೫೦ ವರ್ಷದ ಗೋಪುರ ಹುಚ್ಚಾಟ ಎಂಬ ಲೆಕ್ಕವಿದ್ದರೆ, ಗೋಪುರಕ್ಕೂ ೮೦೦ ವರ್ಷವಾಗುವ ಅವಕಾಶವನ್ನು ನಾವೇ ಕಸಿದುಕೊಂಡಂತಾಯಿತು. ಯುರೋಪನ್ನೇ ಅಲುಗಿಸಿದ ಕ್ರಾಂತಿಯ ಕಾಲದಲ್ಲಿ ಆ ಕಡಲನ್ನು ಕಾದ ಕಟ್ಟಡ ಈಗ ಹಳೆಯ ಚಿತ್ರಪಟಗಳಲ್ಲಿ ಮಾತ್ರ ಉಳಿದಿದೆ. ಅದು ಶಿಥಿಲವಾಗಿತ್ತು, ಕೆಳಗಿನದಕ್ಕೆ ಅಪಾಯವಿತ್ತು ಎಂದು ವಾದಿಸಬಹುದು. ವಾದದಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಆದರೆ ಕೆಡವುವ ಕೈಗೆ ಕಾರಣಗಳು ಯಾವಾಗಲೂ ಸುಲಭವಾಗಿ ದೊರೆಯುತ್ತವೆ.

ಈ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ೧೯೪೦ರ ಜುಲೈ ೧ರಂದು ಜರ್ಮನರು ಜರ್ಸಿಯನ್ನು ಆಕ್ರಮಿಸಿದರು. ಮರುವರ್ಷ ಹಿಟ್ಲರನು ಈ ದ್ವೀಪಗಳನ್ನು ಅಭೇದ್ಯ ದುರ್ಗಗಳನ್ನಾಗಿ ಮಾಡಬೇಕೆಂದು ಆಜ್ಞಾಪಿಸಿದನು. ೧೯೪೨ರಲ್ಲಿ ಲಾ ಹೂಗ್ ಬೀಯ ಆವರಣದಲ್ಲಿಯೇ, ದಿಬ್ಬದ ಮಗ್ಗುಲಲ್ಲಿ, ನೆಲದೊಳಗೆ ಕಾಂಕ್ರೀಟಿನ ಒಂದು ಸೇನಾಠಾಣೆಯನ್ನು ಕಟ್ಟಿದರು. ಸುತ್ತ ಕಂದಕಗಳನ್ನು ತೋಡಿದರು. ಶಿಲಾಯುಗದವರು ಯಾವ ಕಾರಣಕ್ಕೆ ಆ ಸ್ಥಳವನ್ನು ಆರಿಸಿದರೋ ಜರ್ಮನ್ ಸೇನಾಧಿಕಾರಿಯೂ ಬಹುಶಃ ಅದೇ ಕಾರಣಕ್ಕೆ ಆರಿಸಿದನು: ಅಲ್ಲಿಂದ ಎಲ್ಲವೂ ಕಾಣುತ್ತದೆ.

ದ್ವೀಪದ ಕೋಟೆಕೊತ್ತಲಗಳಿಗೆ ಮಣ್ಣು ಹೊತ್ತವರು, ಸಿಮೆಂಟು ಕಲಸಿದವರು ಜರ್ಮನರಲ್ಲ. ಸ್ಪೇನಿನ ಅಂತರ್ಯುದ್ಧದಲ್ಲಿ ಸೋತು ಫ್ರಾನ್ಸಿಗೆ ಓಡಿ ಬಂದಿದ್ದ ಗಣರಾಜ್ಯವಾದಿಗಳು, ರಷ್ಯ ಉಕ್ರೇನಗಳಿಂದ ಹಿಡಿದು ತಂದ ಯುವಕರು, ಪೋಲರು, ಉತ್ತರ ಆಫ್ರಿಕದವರು, ಇಂಥ ಸಾವಿರಾರು ಜನರನ್ನು ಟಾಟ್ ಸಂಘಟನೆಯವರು ಹಡಗುಗಳಲ್ಲಿ ತುಂಬಿ ತಂದು, ಅರೆಹೊಟ್ಟೆಯಲ್ಲಿ ದುಡಿಸಿದರು. ಎಷ್ಟೋ ಜನ ಅಲ್ಲಿಯೇ ಸತ್ತರು. ೧೯೪೫ರ ಮೇ ೯ರಂದು ದ್ವೀಪಕ್ಕೆ ಬಿಡುಗಡೆಯಾಯಿತು.

ಐದು ವರ್ಷ ಹಸಿವು, ಅಪಮಾನಗಳನ್ನು ಉಂಡ ಜನರು ಆ ಠಾಣೆಯನ್ನು ಹಾರಿಸಿ ಹಾಕಿದ್ದರೆ ಯಾರು ತಪ್ಪೆನ್ನುತ್ತಿದ್ದರು? ೧೯೨೪ರ ನ್ಯಾಯದಂತೆ ನೋಡಿದರೆ ಅದನ್ನು ಕಿತ್ತೊಗೆಯುವುದೇ ಸರಿ: ಅದು ಹೊಸತು, ಕುರೂಪವಾದದ್ದು, ಶತ್ರುವಿನದು. ಆದರೆ ಅದನ್ನು ಕೀಳಲಿಲ್ಲ. ಈಗ ಅದೇ ನೆಲಮಾಳಿಗೆಯಲ್ಲಿ, ಬಲಾತ್ಕಾರದಿಂದ ದುಡಿಸಲ್ಪಟ್ಟ ಆ ಪರದೇಶೀ ಕೂಲಿಗಳ ಸ್ಮಾರಕವಿದೆ. ಅವರಲ್ಲಿ ಅನೇಕರಿಗೆ ತಮ್ಮ ನಾಡಿನಲ್ಲಿ ಗೋರಿಯೂ ಇಲ್ಲ. ಸತ್ತವರ ಮನೆಯಾಗಿ ಹುಟ್ಟಿದ ಸ್ಥಳಕ್ಕೆ, ಮಂದಿರ, ಗೋಪುರ, ಹೋಟೆಲು, ಠಾಣೆ ಎಲ್ಲವೂ ಆಗಿ ಹೋದ ಮೇಲೆ, ಸತ್ತವರು ಮರಳಿ ಬಂದರು. ಠಾಣೆಯನ್ನು ಕಟ್ಟಿಸಿದವನ ಉದ್ದೇಶ ಇದಾಗಿರಲಿಲ್ಲ. ಅದನ್ನು ಉಳಿಸಿಕೊಂಡವರು ಹೊಸ ಉದ್ದೇಶವನ್ನು ಕೊಟ್ಟರು.

ಇದೇ ಆವರಣದಲ್ಲಿ ಈಗ ಒಂದು ವಸ್ತುಸಂಗ್ರಹಾಲಯವೂ ಇದೆ. ೨೦೧೨ರಲ್ಲಿ ಗ್ರೂವಿಲ್ಲಿನ ಒಂದು ಹೊಲದಲ್ಲಿ ಕೆಲ್ಟರ ನಾಣ್ಯಗಳ ಒಂದು ಮುದ್ದೆ ದೊರೆಯಿತು. ಬಿಡಿಸಿ ಎಣಿಸಲು ವರ್ಷಗಳೇ ಹಿಡಿದವು, ಸಂಖ್ಯೆ ೭೦,೦೦೦ದ ಸನಿಹಕ್ಕೆ ಮುಟ್ಟಿತು. ಕೆಲ್ಟರ ನಾಣ್ಯಗಳ ಇಷ್ಟು ದೊಡ್ಡ ನಿಧಿ ಹಿಂದೆಂದೂ ದೊರೆತಿರಲಿಲ್ಲ. ಅದನ್ನಿಟ್ಟಿರುವುದೂ ಈ ದಿಬ್ಬದ ನೆರಳಿನಲ್ಲಿಯೇ. ಮಾರ್ಚಿನಲ್ಲಿಯೂ ಸೆಪ್ಟೆಂಬರಿನಲ್ಲಿಯೂ ವಿಷುವದ ಬೆಳಿಗ್ಗೆ, ಮೋಡವಿಲ್ಲದಿದ್ದರೆ, ಬಿಸಿಲು ಮೊದಲಿನಂತೆಯೇ ಓಣಿಯೊಳಗೆ ನಡೆದು ಬರುತ್ತದೆ. ಓಣಿಯಿಂದ ಮಂದಿರಕ್ಕೆ, ಮಂದಿರದಿಂದ ನೆಲಮಾಳಿಗೆಗೆ ಹೋಗಲು ಐದು ನಿಮಿಷ ಸಾಕು.

ದಿಬ್ಬದ ಅಡ್ಡಕೊಯ್ತದ ಒಂದು ನಕ್ಷೆಯನ್ನೂ ಕೆಡವಿದ ಗೋಪುರದ ಒಂದು ಚಿತ್ರವನ್ನೂ ಈ ಮೇಜಿನ ಮೇಲೆ ಇಟ್ಟಿದ್ದೇನೆ; ಸಭಿಕರು ಸಾವಕಾಶವಾಗಿ ನೋಡಬಹುದು. ಗೋಪುರವನ್ನು ಕೆಡವಿದ್ದೇ ಸರಿಯೆಂದು ತಿಳಿಯುವವರು ಇಲ್ಲಿ ಇದ್ದೇ ಇರಬೇಕು. ಅಧ್ಯಕ್ಷರ ಅಪ್ಪಣೆಯಾದರೆ ಅವರ ಮಾತನ್ನು ಕೇಳಲು ಸಿದ್ಧನಾಗಿದ್ದೇನೆ.